ಬೆಳೀತಿರೋ ಊರಿಗೆ ಬಸ್ಸಾ, ಮೆಟ್ರೋನಾ, ಫ್ಲೈಓವರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೇಲಿ ನಗರ ಸಾರಿಗೆ ಬಗ್ಗೆ ಪ್ರಶ್ನೆ ಕಳ್ಸಿ ಅಂತ ಕೇಳಿದ್ವಿ, ತುಂಬಾನೇ ಬಂದಿವೆ. ಒಂದೇ ಥರದ್ದನ್ನೆಲ್ಲ ಸೇರಿಸಿ ಒಂದು ಮಾಡಿದೀನಿ. ಹೆಸರು ಹಾಕ್ಬೇಡಿ ಅಂತ ಕೆಲವ್ರು ಕೇಳ್ಕೊಂಡಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೊದಲ ಸಲ ಗೆದ್ದಿರೋ ಕೌನ್ಸಿಲರ್ ನಾನು. ಊರು ಜೋರಾಗಿ ಬೆಳೀತಿದೆ. ಒಂದು ಮೀಟಿಂಗ್‌ನಲ್ಲಿ ಮೆಟ್ರೋ ಅಂತಾರೆ, ಇನ್ನೊಂದ್ರಲ್ಲಿ ರಿಂಗ್ ರೋಡ್ ಅಂತಾರೆ, ಮತ್ತೊಬ್ರು ಎಲೆಕ್ಟ್ರಿಕ್ ಬಸ್ ತಂದ್ರೆ ಎಲ್ಲಾ ಸರಿ ಹೋಗತ್ತೆ ಅಂತಾರೆ. ಯಾವುದನ್ನ ಮೊದ್ಲು ಕೇಳ್ಬೇಕು ಸರ್?

ಉತ್ತರ: ಯಾವ ಗಾಡಿ ಅನ್ನೋದನ್ನ ಕೊನೇಗೆ ಇಟ್ಕೊಳ್ಳಿ. ಮೊದ್ಲು ಕೇಳ್ಬೇಕಾಗಿರೋದು ಇಷ್ಟು: ಸ್ವಂತ ಗಾಡಿ ಇಲ್ದಿರೋ ಒಬ್ರು ಮನೆಯಿಂದ ಹೊರಟ್ರೆ, ಸ್ಟಾಪಿಗೆ ನಡೆದು, ಕಾದು, ಹತ್ತಿ, ಬೇಕಿದ್ರೆ ಇನ್ನೊಂದಕ್ಕೆ ಬದಲಾಯಿಸಿ, ಇಳಿದು ಮತ್ತೆ ನಡೆದು, ಎಲ್ಲಾ ಸೇರಿ 45 ನಿಮಿಷದೊಳಗೆ ಊರಲ್ಲಿರೋ ಎಷ್ಟು ಕೆಲಸದ ಜಾಗ, ಎಷ್ಟು ಕಾಲೇಜು, ಎಷ್ಟು ಆಸ್ಪತ್ರೆ ಮುಟ್ಟಬಹುದು? ಪ್ರತಿ ವಾರ್ಡಿಂದನೂ ಇದನ್ನ ಲೆಕ್ಕ ಹಾಕಿ ಮ್ಯಾಪ್ ಮೇಲೆ ಬಣ್ಣ ಹಚ್ಚಿ ತೋರ್ಸಿ ಅಂತ ಅಧಿಕಾರಿಗಳಿಗೆ ಹೇಳಿ. ಯಾವುದೇ ಪ್ರಾಜೆಕ್ಟ್ ತಂದ್ರೂ ಈ ಮ್ಯಾಪ್ ಎಷ್ಟು ಬದಲಾಗತ್ತೆ ಅಂತ ಕೇಳಿ. ಬದಲಾಗಲ್ಲ ಅಂದ್ರೆ ಆ ಪ್ರಾಜೆಕ್ಟ್ ಎಷ್ಟೇ ಚೆನ್ನಾಗಿ ಕಾಣ್ಲಿ, ಊರಿನ ಜನಕ್ಕೆ ಅದ್ರಿಂದ ಆಗೋದು ಕಡ್ಮೆ.

ಎರಡನೇದು ಜಾಗ. ಬೆಳೆಯೋ ಊರಿಗೆ ಇರೋ ದೊಡ್ಡ ಅನುಕೂಲ ಅಂದ್ರೆ ಅಂಚಿನಲ್ಲಿ ಇನ್ನೂ ಕಟ್ಟಡ ಎದ್ದಿಲ್ಲ. ಬಾರ್ಸಿಲೋನಾದಲ್ಲಿ 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಅನ್ನೋ ಎಂಜಿನಿಯರ್ ಹಳೇ ಊರಿನ ಹೊರಗೆ ಕನಿಷ್ಠ 20 ಮೀಟರ್ ಅಗಲದ ರಸ್ತೆಗಳ ಜಾಲ ಹಾಕಿಟ್ರು. ಆಗ ಕಾರು ಅನ್ನೋದೇ ಇರ್ಲಿಲ್ಲ. ಅದೇ ರಸ್ತೆಗಳಲ್ಲಿ ಆಮೇಲೆ ಟ್ರಾಮ್ ಬಂತು, ಬಸ್ ಬಂತು, ಕೆಳಗೆ ಮೆಟ್ರೋ ಬಂತು, ಈಗ ಸೈಕಲ್ ಲೇನೂ ಬಂದಿದೆ, ಯಾವುದಕ್ಕೂ ಅಷ್ಟೊಂದು ಮನೆ ಒಡೀಬೇಕಾಗ್ಲಿಲ್ಲ. ಕೋಪನ್‌ಹೇಗನ್‌ನವ್ರು 1947ರಲ್ಲಿ ಫಿಂಗರ್ ಪ್ಲಾನ್ ಅಂತ ಮಾಡಿದ್ರು, ಊರು ಬೆಳೆಯೋದಾದ್ರೆ ಐದು ಬೆರಳಿನ ಹಾಗೆ ರೈಲು ಮಾರ್ಗದ ಉದ್ದಕ್ಕೂ ಬೆಳೀಲಿ, ಬೆರಳುಗಳ ನಡುವಿನ ಜಾಗ ಹಸಿರಾಗೇ ಇರ್ಲಿ ಅಂತ. ಇವತ್ತಿಗೂ ಆ ಊರಿನ ಬೆಳವಣಿಗೆ ಆ ಗೆರೆಗಳ ಮೇಲೇ ನಡೀತಿದೆ.

ನೀವು ಕೌನ್ಸಿಲರ್ ಅಲ್ವಾ, ಹಾಗಾಗಿ ನಿಮ್ಮ ಕೈಲಿ ಆಗೋ ಕೆಲಸ ಇದು. ಲೇಔಟ್ ಪ್ಲಾನ್ ಅಪ್ರೂವಲ್‌ಗೆ ಬಂದಾಗ ಮುಖ್ಯ ರಸ್ತೆ ಪಕ್ಕದ ಲೇಔಟಿಗೆ ನೇರವಾಗಿ ಕೂಡತ್ತಾ, ಇಲ್ಲಾ ಕಾಂಪೌಂಡ್ ಗೋಡೆಗೆ ಬಂದು ನಿಲ್ಲತ್ತಾ ನೋಡಿ. ಗೋಡೆಗೆ ನಿಂತ್ರೆ ಆ ಲೇಔಟ್ ಒಳಗೆ ಯಾವತ್ತೂ ಬಸ್ ಬರಲ್ಲ, ಯಾಕಂದ್ರೆ ಒಳಗೆ ಹೋದ ಬಸ್ ಅದೇ ದಾರೀಲಿ ವಾಪಸ್ ಬರ್ಬೇಕು, ಮುಂದೆ ಹೋಗೋ ಪ್ರಯಾಣಿಕರಿಗೆಲ್ಲ ಹತ್ತು ನಿಮಿಷ ದಂಡ. ಒಂದು ಸಹಿಯಲ್ಲಿ ಆಗೋ ಈ ತಪ್ಪನ್ನ ಆಮೇಲೆ ಎಷ್ಟು ಕೋಟಿ ಸುರಿದ್ರೂ ತಿದ್ದಕ್ಕೆ ಕಷ್ಟ.

ಪ್ರಶ್ನೆ: ಟ್ರಾಫಿಕ್ ಜಾಸ್ತಿ ಆಯ್ತು ಅಂದ್ರೆ ರಸ್ತೆ ಅಗಲ ಮಾಡೋದು ಸಹಜ ಅಲ್ವಾ? ಇದಕ್ಕೆ ಪರಿಸರದವ್ರು, ಪ್ಲಾನಿಂಗ್‌ನವ್ರು ಯಾಕೆ ಅಡ್ಡ ಬರ್ತಾರೆ ಅಂತ ನನಗಂತೂ ಅರ್ಥ ಆಗಿಲ್ಲ.

ಉತ್ತರ: ನಿಮ್ಮ ತರ್ಕ ತಪ್ಪಲ್ಲ, ಗಾಡಿಗಳ ಸಂಖ್ಯೆ ಇಷ್ಟೇ ಅಂತ ಗೊತ್ತುಪಡಿಸಿದ್ರೆ ರಸ್ತೆ ಅಗಲ ಆದಾಗ ಸರಾಗ ಆಗ್ಲೇಬೇಕು. ಆದ್ರೆ ಅದು ಹಾಗಿರಲ್ಲ. ರಸ್ತೆ ಖಾಲಿ ಆಯ್ತು ಅಂತ ಗೊತ್ತಾದ ತಕ್ಷಣ ಬೇರೆ ದಾರೀಲಿ ಹೋಗ್ತಿದ್ದವ್ರು ಇಲ್ಲಿಗೆ ಬರ್ತಾರೆ, ಬೆಳಿಗ್ಗೆ ಆರಕ್ಕೇ ಹೊರಡ್ತಿದ್ದವ್ರು ಒಂಬತ್ತಕ್ಕೆ ಹೊರಡ್ತಾರೆ, ಬಸ್ಸಲ್ಲಿ ಹೋಗ್ತಿದ್ದವ್ರು ಗಾಡಿ ತಗೋತಾರೆ, ಇನ್ನು ಕೆಲವ್ರು ಊರಾಚೆ ಸೈಟ್ ತಗೊಂಡು ಮನೇನೇ ಕಟ್ತಾರೆ. ನಾಲ್ಕೈದು ವರ್ಷದಲ್ಲಿ ಮತ್ತೆ ಅದೇ ಜಾಮ್. ಗಿಲ್ಸ್ ಡುರಾಂಟನ್, ಮ್ಯಾಥ್ಯೂ ಟರ್ನರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ತೆಗೆದು ತೋರಿಸಿದ್ದು ಇದನ್ನೇ: ಹೈವೇ ಲೇನ್ ಶೇಕಡಾ 1 ಜಾಸ್ತಿ ಆದ್ರೆ ಗಾಡಿಗಳು ಓಡೋ ಒಟ್ಟು ದೂರವೂ ಹೆಚ್ಚುಕಡಿಮೆ ಶೇಕಡಾ 1 ಜಾಸ್ತಿ ಆಗತ್ತೆ. ಹ್ಯೂಸ್ಟನ್‌ನ ಕೇಟಿ ಫ್ರೀವೇ 2008ರಲ್ಲಿ ಅಗಲ ಆಗಿ ಸರ್ವಿಸ್ ರೋಡೂ ಸೇರಿ ಕೆಲವು ಕಡೆ 26 ಲೇನ್ ಆಯ್ತು, ಆದ್ರೂ 2011ರಿಂದ 2014ರೊಳಗೆ ಪೀಕ್ ಅವರ್ ಪ್ರಯಾಣದ ಸಮಯ ಮತ್ತೆ ಏರಿಬಿಡ್ತು.

ಇನ್ನೊಂದು ಲೆಕ್ಕ ನೋಡಿ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೋ ಅಂತ ಇದೆ, ಅವ್ರ ಅಂದಾಜಲ್ಲಿ ಊರೊಳಗಿನ ಒಂದು ಲೇನ್‌ನಲ್ಲಿ ಕಾರುಗಳೇ ಜಾಸ್ತಿ ಇದ್ರೆ ಗಂಟೆಗೆ 600ರಿಂದ 1,600 ಜನ ಸಾಗಬಹುದು, ಅದೇ ಲೇನನ್ನ ಬಸ್ಸಿಗೆ ಮಾತ್ರ ಬಿಟ್ರೆ 4,000ದಿಂದ 8,000 ಜನ. ಅಂದ್ರೆ ರಸ್ತೆ ಅಗಲ ಮಾಡ್ದೇನೇ, ಒಂದು ಮರ ಕಡೀದೇನೇ, ಬಣ್ಣ ಬಳಿದು ಕಾವಲು ಹಾಕಿದ್ರೆ ಆಗೋ ಕೆಲಸ ಇದು. ಕಷ್ಟ ಇರೋದು ಎಂಜಿನಿಯರಿಂಗ್‌ನಲ್ಲಿ ಅಲ್ಲ, ಜಾಮ್‌ನಲ್ಲಿ ನಿಂತಿರೋರ ಪಕ್ಕದಲ್ಲೇ ಲೇನ್ ಖಾಲಿ ಕಾಣಿಸತ್ತೆ, ಅವ್ರು ಕೂಗಾಡ್ತಾರೆ, ಮಾರನೇ ದಿನ ಫೋನ್ ಬರತ್ತೆ, ಲೇನ್ ತೆಗೀತಾರೆ. ಎರಡು ನಿಮಿಷಕ್ಕೆ ಒಂದು ಬಸ್ ಹೋಗೋ ಲೇನ್ ಕಣ್ಣಿಗೆ ಖಾಲಿನೇ ಕಾಣೋದು, ಅದ್ರಲ್ಲಿ ಸಾಗ್ತಿರೋ ಜನ ಮಾತ್ರ ಪಕ್ಕದ ತುಂಬಿದ ಲೇನ್‌ಗಿಂತ ಜಾಸ್ತಿ ಇರ್ತಾರೆ.

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಕೊನೇ ವರ್ಷದ ವಿದ್ಯಾರ್ಥಿನಿ ನಾನು. ನಮ್ಮ ಏರಿಯಾದಿಂದ ಎಲ್ಲಾ ಕಡೆಗೂ ಡೈರೆಕ್ಟ್ ಬಸ್ ಇತ್ತು. ಈಗ ಹೊಸ ಪ್ಲಾನ್ ಪ್ರಕಾರ ಮಧ್ಯದಲ್ಲಿ ಇಳಿದು ಬೇರೆ ಬಸ್ ಅಥವಾ ರೈಲು ಹತ್ತಬೇಕಂತೆ. ಇದನ್ನ ಸುಧಾರಣೆ ಅಂತ ಹೇಗೆ ಕರೀತಾರೆ? ಅಮ್ಮ ಅಂತೂ ಡೈರೆಕ್ಟ್ ಬಸ್ ಬಿಟ್ಟು ಬೇರೆ ಯಾವ್ದೂ ಹತ್ತಲ್ಲ ಅಂತಿದಾರೆ.

ಉತ್ತರ: ನೀವು ಎಂಜಿನಿಯರಿಂಗ್ ಓದ್ತಿದೀರ, ಹಾಗಾಗಿ ಪೇಪರ್ ಪೆನ್ನು ತಗೊಂಡು ಕೂತ್ಕೊಳ್ಳಿ.

ಊರಲ್ಲಿ ಮನೆಗಳಿರೋ 4 ಬಡಾವಣೆ, ಕೆಲಸ ಕಾಲೇಜು ಇರೋ 4 ಜಾಗ ಅಂತ ಇಟ್ಕೊಳ್ಳಿ. ಹತ್ರ ಇರೋದು 32 ಬಸ್. ಒಂದು ಬಸ್ ಹೋಗಿ ಬರಕ್ಕೆ ಒಂದು ಗಂಟೆ. ಎಲ್ಲಾ ಕಡೆಯಿಂದ ಎಲ್ಲಾ ಕಡೆಗೂ ಡೈರೆಕ್ಟ್ ಬೇಕು ಅಂದ್ರೆ 16 ರೂಟ್ ಆಯ್ತು, ರೂಟಿಗೆ 2 ಬಸ್, ಅಂದ್ರೆ ಅರ್ಧ ಗಂಟೆಗೆ ಒಂದು. ಸರಾಸರಿ ಕಾಯೋದು 15 ನಿಮಿಷ. ಈಗ ಅದೇ 32 ಬಸ್ಸನ್ನ ನಾಲ್ಕೇ ರೂಟಿಗೆ ಹಾಕಿ, ಪ್ರತಿ ರೂಟೂ ಒಂದು ಬಡಾವಣೆಯಿಂದ ಹೊರಟು ಊರ ಮಧ್ಯದ ಒಂದು ಸ್ಟೇಷನ್ ಮೂಲಕ ಒಂದು ಕೆಲಸದ ಜಾಗಕ್ಕೆ ಹೋಗ್ಲಿ. ರೂಟಿಗೆ 8 ಬಸ್, ಏಳೂವರೆ ನಿಮಿಷಕ್ಕೆ ಒಂದು. ಸರಾಸರಿ ಕಾಯೋದು ನಾಲ್ಕು ನಿಮಿಷಕ್ಕಿಂತ ಕಡ್ಮೆ, ಬದಲಾಯಿಸಿ ಎರಡು ಸಲ ಕಾದ್ರೂ ಏಳೂವರೆ ನಿಮಿಷ. ಒಂದು ಬಸ್ ಜಾಸ್ತಿ ಮಾಡ್ಲಿಲ್ಲ, ಕಾಯೋದು ಅರ್ಧ ಆಯ್ತು. ಅದಕ್ಕಿಂತ ದೊಡ್ಡ ಲಾಭ ಅಂದ್ರೆ ಟೈಮ್ ಟೇಬಲ್ ನೋಡೋ ಗೋಜೇ ಇಲ್ಲ, ಹೋಗಿ ನಿಂತ್ರೆ ಬಸ್ ಬರತ್ತೆ.

ಹ್ಯೂಸ್ಟನ್‌ನವ್ರೇ 2015ರ ಆಗಸ್ಟ್‌ನಲ್ಲಿ ಇಡೀ ಊರಿನ ಬಸ್ ರೂಟುಗಳನ್ನ ಒಂದೇ ರಾತ್ರೀಲಿ ಬದಲಾಯಿಸಿದ್ರು. ಅಂಕುಡೊಂಕು ರೂಟುಗಳನ್ನ ತೆಗೆದು, ನೇರ ರಸ್ತೆಗಳಲ್ಲಿ ಅಡ್ಡ ಉದ್ದ ಓಡೋ ಬಸ್ಸುಗಳು, ಮುಖ್ಯ ರೂಟುಗಳಲ್ಲಿ ವಾರದ ಏಳೂ ದಿನ 15 ನಿಮಿಷಕ್ಕೆ ಒಂದಾದ್ರೂ. ಶನಿವಾರ ಭಾನುವಾರದ ಪ್ರಯಾಣಿಕರ ಸಂಖ್ಯೆ ಬೇಗ ಏರಿತು. ನೋಡಿ, 26 ಲೇನ್ ರಸ್ತೆ ಮಾಡಿದ್ದೂ ಇದೇ ಊರು.

ಆದ್ರೆ ನಿಮ್ಮ ಅಮ್ಮ ಹೇಳೋದನ್ನ ತಳ್ಳಿಹಾಕ್ಬೇಡಿ. ಪ್ಲಾನಿಂಗ್‌ನವ್ರು ಮಾಡೋ ಸಮೀಕ್ಷೆಗಳಲ್ಲೇ ಪದೇ ಪದೇ ಕಾಣೋದು ಏನಂದ್ರೆ, ಬಸ್ಸೊಳಗೆ ಕೂತ ಒಂದು ನಿಮಿಷಕ್ಕಿಂತ ಸ್ಟಾಪಲ್ಲಿ ನಿಂತ ಒಂದು ನಿಮಿಷ ಜನಕ್ಕೆ ಸುಮಾರು ಎರಡರಷ್ಟು ಭಾರ ಅನ್ಸತ್ತೆ, ಬದಲಾಯಿಸೋದಕ್ಕೆ ಅದ್ರ ಮೇಲೆ ಬೇರೆ ಬೇಜಾರು. ಹಾಗಾಗಿ ಬದಲಾಯಿಸೋ ಜಾಗ ಹೇಗಿದೆ ಅನ್ನೋದ್ರ ಮೇಲೇ ಇಡೀ ಪ್ಲಾನ್ ನಿಂತಿರತ್ತೆ. ಸಾಮಾನ್ಯವಾಗಿ ಆಗೋದೇನು? ಇಳಿಯೋ ಸ್ಟಾಪು ಸಿಗ್ನಲ್‌ನ ಈಚೆ, ಹತ್ತೋ ಸ್ಟಾಪು ಸಿಗ್ನಲ್ ದಾಟಿ ಎಡಕ್ಕೆ ತಿರುಗಿ ಇನ್ನೂ ನೂರೈವತ್ತು ಮೀಟರ್ ಆಚೆ, ನಡುವೆ ಚಪ್ಪಡಿ ಎದ್ದಿರೋ ಚರಂಡಿ, ರಸ್ತೆ ದಾಟಕ್ಕೆ ಹಸಿರು ದೀಪ ಬರೋದು ಹನ್ನೆರಡು ಸೆಕೆಂಡ್, ಡಿವೈಡರ್‌ನಲ್ಲಿ ಬಿಟ್ಟಿರೋ ಸಂದಿ ವ್ಹೀಲ್‌ಚೇರ್ ಹೋಗ್ದಿರೋ ಅಷ್ಟು ಕಿರಿದು, ಆ ಕಡೆ ಹೋಗೋಷ್ಟ್ರಲ್ಲಿ ಕಣ್ಮುಂದೇನೇ ಬಸ್ ಹೊರಟುಹೋಗತ್ತೆ, ಹತ್ತಿದ್ಮೇಲೆ ಮತ್ತೆ ಹೊಸ ಟಿಕೆಟ್. ಇಂಥಾ ಕಡೆ ಬದಲಾಯಿಸಿ ಅಂದ್ರೆ ಯಾರು ತಾನೇ ಒಪ್ತಾರೆ? ಸ್ಟಾಪನ್ನ ಜಂಕ್ಷನ್ ಹತ್ರಕ್ಕೇ ತರಬೇಕು, ರೈಲು ಸ್ಟೇಷನ್ ಆದ್ರೆ ಬಸ್ ಗೇಟಿನ ಎದುರಿಗೇ ನಿಲ್ಬೇಕು, ನೆರಳು, ಬೆಳಕು ಇರ್ಬೇಕು.

ಟಿಕೆಟ್ ವಿಷಯಕ್ಕೆ ಸಿಯೋಲ್ ನೋಡಿ. 2004ರ ಜುಲೈ 1ಕ್ಕೆ ಅಲ್ಲಿ ಬಸ್ಸೂ ಸಬ್‌ವೇನೂ ಒಂದೇ ಲೆಕ್ಕಕ್ಕೆ ತಂದ್ರು, ಕಾರ್ಡ್ ತೋರ್ಸಿ ಹತ್ತಿ ಕಾರ್ಡ್ ತೋರ್ಸಿ ಇಳಿದ್ರೆ ಒಟ್ಟು ದೂರಕ್ಕೆ ಮಾತ್ರ ಚಾರ್ಜು, ಎಷ್ಟು ಗಾಡಿ ಬದಲಾಯಿಸಿದ್ರಿ ಅನ್ನೋದಕ್ಕೆ ಅಲ್ಲ. ಮುಖ್ಯ ರಸ್ತೆಗಳ ಮಧ್ಯದ ಲೇನ್ ಬಸ್ಸಿಗೆ ಬಿಟ್ಟು, ದೂರದ ಬಸ್ಸಿಗೆ ಒಂದು ಬಣ್ಣ, ಬಡಾವಣೆ ಬಸ್ಸಿಗೆ ಇನ್ನೊಂದು ಬಣ್ಣ ಹಚ್ಚಿದ್ರು. ಮೊದಲ ದಿನ ಕಾರ್ಡ್ ಮೆಷೀನ್‌ಗಳು ಕೈಕೊಟ್ಟು ಜನ ಚೆನ್ನಾಗಿ ಬೈದ್ರು, ಆದ್ರೂ ವಾಪಸ್ ತಗೊಳ್ಲಿಲ್ಲ.

ಒಂದು ಮಾತು ಮಾತ್ರ ನೆನಪಿಡಿ, ಏಳೆಂಟು ನಿಮಿಷಕ್ಕೆ ಬಸ್ ಬಿಡಕ್ಕಾಗ್ದಿರೋ ಅಂಚಿನ ಬಡಾವಣೆಗಳಿಗೆ ಈ ಲೆಕ್ಕ ನಡೆಯಲ್ಲ. ಅಲ್ಲಿ ಸ್ವಿಟ್ಜರ್ಲೆಂಡ್‌ನವ್ರ ದಾರಿ ಬೇಕು. ಅವ್ರು 1982ರಿಂದ ಇಡೀ ದೇಶದ ರೈಲುಗಳನ್ನ ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಬರೋ ಹಾಗೆ ಟೈಮ್ ಟೇಬಲ್‌ಗೆ ಕೂರಿಸಿದ್ರು, ಆಮೇಲೆ ದೊಡ್ಡ ಸ್ಟೇಷನ್‌ಗಳಿಗೆ ನಾಲ್ಕೂ ದಿಕ್ಕಿನ ರೈಲು ಬಸ್ಸು ಗಂಟೆಗೆ ಸ್ವಲ್ಪ ಮುಂಚೆ ಬಂದು ಸೇರಿ, ಜನ ಬದಲಾಯಿಸಿದ್ಮೇಲೆ ಒಟ್ಟಿಗೆ ಹೊರಡೋ ಹಾಗೆ ಬೆಳೆಸಿದ್ರು. ಬಸ್ ಕಡ್ಮೆ ಇದ್ರೂ ಬಸ್ಸಿಂದ ಬಸ್ಸಿಗೆ ಕಾಯೋದು ಐದು ನಿಮಿಷ. ಇದಕ್ಕೆ ದುಡ್ಡಿಗಿಂತ ಶಿಸ್ತು ಬೇಕು.

ಪ್ರಶ್ನೆ: ಮೆಟ್ರೋ ಬೇಕೇ ಬೇಕು ಅಂತ ಹೋರಾಟ ಮಾಡ್ತಿರೋ ನಾಗರಿಕ ವೇದಿಕೆಯವ್ರು ನಾವು. ಬಿಆರ್‌ಟಿ (ಬಸ್ಸಿಗೇ ಪ್ರತ್ಯೇಕ ದಾರಿ ಇರೋ ವೇಗದ ಬಸ್ ವ್ಯವಸ್ಥೆ) ಅಂದ್ರೆ ಬಡವರ ಮೆಟ್ರೋ, ನಮಗೆ ಅದು ಬೇಡ. ನಿಮ್ಮ ಅಭಿಪ್ರಾಯ ಏನು?

ಉತ್ತರ: ಮೆಟ್ರೋ ಬೇಡ ಅಂತ ನಾನು ಹೇಳಲ್ಲ, ಗಂಟೆಗೆ ಒಂದೇ ದಿಕ್ಕಿಗೆ 30,000 – 40,000 ಜನ ಹೋಗೋ ಮಾರ್ಗ ಇದ್ರೆ ಮೆಟ್ರೋಗೆ ಸಾಟಿ ಇಲ್ಲ. ಆದ್ರೆ ಆ ಸಂಖ್ಯೆ ನಿಮ್ಮ ಊರಿನ ಯಾವ ರಸ್ತೇಲಿ ಇದೆ, ಇಪ್ಪತ್ತು ವರ್ಷ ಆದ್ಮೇಲೆ ಎಲ್ಲಿ ಬರತ್ತೆ ಅಂತ ಕೇಳಿದೀರಾ? ಗಂಟೆಗೆ ನಾಲ್ಕೈದು ಸಾವಿರ ಜನ ಇರೋ ಕಡೆ ಚೆನ್ನಾಗಿರೋ ಬಸ್ ಲೇನ್ ಸಾಕು. ಮೆಟ್ರೋ ಒಂದು ಮಾರ್ಗ ಮುಗಿಯೋಷ್ಟ್ರಲ್ಲಿ ಎಂಟು ಹತ್ತು ವರ್ಷ ಹೋಗತ್ತೆ, ಅಷ್ಟು ದಿನ ಉಳಿದ ಊರಿಗೆ ಏನು ಕೊಡ್ತೀರಿ ಅನ್ನೋದೂ ಪ್ಲಾನ್‌ನಲ್ಲಿ ಇರ್ಬೇಕು.

ಬಡವರದ್ದು ಅನ್ನೋ ಮಾತು ನನಗೆ ಬೇಜಾರಾಯ್ತು, ನೇರವಾಗೇ ಹೇಳ್ತೀನಿ. ಬ್ರೆಜಿಲ್‌ನ ಕುರಿಚಿಬಾದಲ್ಲಿ ಜೈಮೆ ಲರ್ನರ್ ಮೇಯರ್ ಆಗಿದ್ದಾಗ, 1974ರಲ್ಲಿ, ಬಸ್ಸಿಗೇ ಪ್ರತ್ಯೇಕ ದಾರಿ ಮಾಡಿದ್ರು, ಎತ್ತರದ ಕಟ್ಟಡಗಳಿಗೆ ಆ ದಾರಿ ಪಕ್ಕದಲ್ಲೇ ಅನುಮತಿ ಕೊಟ್ರು, ಊರು ಬಸ್ಸಿನ ಜೊತೇಲೇ ಬೆಳೀತು. ಕೊಲಂಬಿಯಾದ ಬೊಗೊಟಾದಲ್ಲಿ ಟ್ರಾನ್ಸ್‌ಮಿಲೇನಿಯೋ ಅನ್ನೋ ಇಂಥದ್ದೇ ಬಸ್ ವ್ಯವಸ್ಥೆ 2000ದ ಡಿಸೆಂಬರ್‌ನಲ್ಲಿ ಶುರುವಾಯ್ತು. ಸ್ಟೇಷನ್ ಹತ್ರ ಬಸ್ಸು ಬಸ್ಸನ್ನ ದಾಟೋಕೆ ಇನ್ನೊಂದು ಲೇನ್ ಕೊಟ್ಟಿದ್ರಿಂದ ಗಂಟೆಗೆ ಒಂದು ದಿಕ್ಕಿಗೆ 40,000ಕ್ಕೂ ಮೇಲೆ ಜನರನ್ನ ಸಾಗಿಸ್ತು, ಎಷ್ಟೋ ಮೆಟ್ರೋಗಳು ಅಷ್ಟು ಸಾಗಿಸಲ್ಲ. ಆದ್ರೆ ಅದ್ರ ಇನ್ನೊಂದು ಮುಖನೂ ಹೇಳ್ಬೇಕು. ಊರು ಬೆಳೀತಾನೇ ಹೋಯ್ತು, ಬಸ್ಸುಗಳಲ್ಲಿ ಉಸಿರಾಡಕ್ಕಾಗ್ದಿರೋ ನೂಕುನುಗ್ಗಲು ಆಯ್ತು, ಜನ ರಸ್ತೆಗಿಳಿದು ಪ್ರತಿಭಟನೆ ಮಾಡಿದ್ರು, ಈಗ ಅಲ್ಲಿ ಮೆಟ್ರೋ ಕಟ್ತಿದಾರೆ. ಹಾಗಾಗಿ ಬಸ್ ದಾರಿ ಮಾಡುವಾಗ್ಲೇ ಮುಂದೊಂದಿನ ಇಲ್ಲಿ ರೈಲು ಬರಬಹುದು ಅಂತ ಅಗಲ, ತಿರುವು, ಸೇತುವೆ ಎಲ್ಲಾ ಅದಕ್ಕೆ ಹೊಂದೋ ಹಾಗೆ ಇಟ್ಕೋಬೇಕು.

ಕೊಲಂಬಿಯಾದ ಇನ್ನೊಂದು ಊರು ಮೆಡೆಲಿನ್ ನನಗೆ ತುಂಬಾ ಇಷ್ಟ. ಅಲ್ಲಿ 1995ರಲ್ಲಿ ಮೆಟ್ರೋ ಬಂತು, ಕಣಿವೆಯ ತಳದಲ್ಲಿ. ಗುಡ್ಡದ ಮೇಲಿನ ಕಡಿದಾದ ಬಡಾವಣೆಗಳ ಜನಕ್ಕೆ ಅದ್ರಿಂದ ಏನೂ ಉಪಯೋಗ ಇರ್ಲಿಲ್ಲ. 2004ರಲ್ಲಿ ಅಲ್ಲಿಗೆ ಕೇಬಲ್ ಕಾರ್ ಹಾಕಿದ್ರು, ಟೂರಿಸ್ಟ್‌ಗಳಿಗಲ್ಲ, ದಿನಾ ಕೆಲಸಕ್ಕೆ ಹೋಗೋರಿಗೆ, ಮೆಟ್ರೋ ಸ್ಟೇಷನ್‌ಗೇ ಬಂದು ಕೂಡೋ ಹಾಗೆ. ಕೇಬಲ್ ಕಾರ್ ತುಂಬಾ ಜನರನ್ನ ಸಾಗಿಸಲ್ಲ, ಆದ್ರೆ ಆ ಗುಡ್ಡಕ್ಕೆ ಅದೇ ಸರಿಯಾದ ಗಾಡಿ. ನಿಮ್ಮ ವೇದಿಕೆ ಹೋರಾಟ ಮಾಡೋದಾದ್ರೆ ಯಾವ ಮಾರ್ಗಕ್ಕೆ ಯಾವುದು ಅಂತ ಮಾಡಿ, ಒಂದೇ ಗಾಡಿಗೆ ಅಂಟ್ಕೋಬೇಡಿ.

ಪ್ರಶ್ನೆ: ನಮ್ಮ ಮನೆಗೆ ಟ್ರಾಫಿಕ್ ಸರ್ವೆಯವ್ರು ಬಂದಿದ್ರು. ಯಜಮಾನ್ರು ಆಫೀಸಿಗೆ ಎಷ್ಟೊತ್ತಿಗೆ ಹೋಗ್ತಾರೆ, ಹೇಗೆ ಹೋಗ್ತಾರೆ ಅಂತೆಲ್ಲ ಬರ್ಕೊಂಡ್ರು. ನಾನು ಏನೂ ಹೇಳೋಕೆ ಮುಂಚೇನೇ ಹೊರಟುಹೋದ್ರು. ನಾನೂ ದಿನಾ ಓಡಾಡ್ತೀನಲ್ಲ?

ಉತ್ತರ: ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ನನಗೆ ತುಂಬಾ ತಟ್ಟಿದ್ದು ಇದು. ಮೇಡಂ, ನಿಮ್ಮ ಓಡಾಟ ಬರ್ಕೊಳ್ದಿದ್ರೆ ಆ ಸರ್ವೆ ಅರ್ಧನೇ.

ಇಂಥಾ ಸರ್ವೆಯಿಂದ ಊರಿನ ಸಾರಿಗೆ ಮಾಡೆಲ್, ಅಂದ್ರೆ ಓಡಾಟದ ಅಂದಾಜು ಲೆಕ್ಕ, ಹೇಗೆ ತಯಾರಾಗತ್ತೆ ಅಂದ್ರೆ, ಯಾವ ಬಡಾವಣೆಯಿಂದ ಎಷ್ಟು ಟ್ರಿಪ್ ಹೊರಡತ್ತೆ, ಅವು ಎಲ್ಲಿಗೆ ಹೋಗತ್ತೆ, ಯಾವ ಗಾಡೀಲಿ, ಯಾವ ದಾರೀಲಿ, ಹೀಗೆ ನಾಲ್ಕು ಹಂತ. 1950ರ ದಶಕದಲ್ಲಿ ಶಿಕಾಗೋದಂಥ ಊರುಗಳಲ್ಲಿ ಹೈವೇ ಪ್ಲಾನ್ ಮಾಡೋಕೆ ರೂಢಿಗೆ ಬಂದ ಪದ್ಧತಿ ಇದು, ಬೆಳಿಗ್ಗೆ ಪೀಕ್ ಅವರ್‌ನಲ್ಲಿ ಮನೆಯಿಂದ ಆಫೀಸಿಗೆ ಹೋಗೋ ಗಾಡಿನೇ ಅದ್ರ ಕಣ್ಣಲ್ಲಿ ಮುಖ್ಯ. ಮಗುನ ಶಾಲೆಗೆ ಬಿಟ್ಟು, ಅಲ್ಲಿಂದ ಅತ್ತೆ ಮಾತ್ರೆ ತರಕ್ಕೆ ಮೆಡಿಕಲ್ ಸ್ಟೋರಿಗೆ ಹೋಗಿ, ಅಲ್ಲಿಂದ ಅರ್ಧ ದಿನದ ಕೆಲಸಕ್ಕೆ ಹೋಗಿ, ವಾಪಸ್ ಬರ್ತಾ ತರಕಾರಿ ತಗೊಂಡು ಮಗುನ ಕರ್ಕೊಂಡು ಬರೋ ಓಡಾಟ ಆರು ಸಣ್ಣ ಟ್ರಿಪ್ ಆಗತ್ತೆ, ಅದ್ರಲ್ಲಿ ಮೂರು ನಡೆದೇ ಮುಗಿಯತ್ತೆ, ಎರಡು ಮಧ್ಯಾಹ್ನ ಇರತ್ತೆ. ನಡೆದ ಟ್ರಿಪ್ ಎಷ್ಟೋ ಸರ್ವೆಗಳಲ್ಲಿ ಲೆಕ್ಕಕ್ಕೇ ಬರಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಇಂಥಾ ಕೊಂಡಿ ಕೊಂಡಿಯಾಗಿರೋ ಓಡಾಟ ಹೆಂಗಸ್ರದ್ದೇ ಜಾಸ್ತಿ ಅಂತ ಕಂಡಿದೆ.

ಇದು ಲೆಕ್ಕಕ್ಕೆ ಬರ್ದಿದ್ರೆ ಆಗೋ ಪರಿಣಾಮ ನೋಡಿ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಸ್ ಮೇಲೆ ಬಸ್, ಹನ್ನೊಂದರಿಂದ ನಾಲ್ಕರವರೆಗೆ ಒಂದೂ ಇಲ್ಲ. ಹತ್ತಿದ ಪ್ರತಿ ಬಸ್ಸಿಗೂ ಬೇರೆ ಟಿಕೆಟ್ ಅಂದ್ರೆ ಒಂದೇ ಸಲ ದೂರ ಹೋಗೋ ಯಜಮಾನ್ರಿಗಿಂತ ಮೂರು ಸಲ ಹತ್ತಿರ ಹತ್ತಿರ ಇಳಿಯೋ ನಿಮಗೆ ಖರ್ಚು ಜಾಸ್ತಿ. ಇದಕ್ಕೆ ಪರಿಹಾರ ಇದೆ, ಟಿಕೆಟ್ಟಿಗೆ ಟೈಮ್ ಇಡೋದು, ಒಂದು ಸಲ ತಗೊಂಡ್ರೆ ಒಂದೂವರೆ ಗಂಟೆ ಎಷ್ಟು ಬಸ್ ರೈಲು ಬೇಕಾದ್ರೂ ಹತ್ತಿ ಇಳೀರಿ ಅಂತ. ಮುಂದಿನ ಸಲ ಸರ್ವೆಯವ್ರು ಬಂದ್ರೆ ಬಾಗಿಲಲ್ಲೇ ನಿಲ್ಸಿ, ಮನೇಲಿರೋ ಒಬ್ಬೊಬ್ಬರದ್ದೂ ಬರ್ಕೊಳ್ಳಿ ಅಂತ ಹೇಳಿ. ಅತ್ತೆಯವ್ರದ್ದೂ.

ಪ್ರಶ್ನೆ: ಶೇರ್ ಆಟೋ, ಮಿನಿ ವ್ಯಾನ್‌ಗಳನ್ನ ಬ್ಯಾನ್ ಮಾಡಿದ್ರೆ ಬಸ್ಸಿಗೆ ಜನ ಬರ್ತಾರಾ?

ಉತ್ತರ: ಬರಲ್ಲ, ಬೈಕ್ ತಗೋತಾರೆ. ಬಸ್ಸು ಹೋಗದ ಕಡೆ, ಹೋಗದ ಹೊತ್ತಲ್ಲಿ ಅವು ಓಡ್ತಿವೆ, ಅಂದ್ರೆ ಎಲ್ಲಿ ಜನಕ್ಕೆ ಏನು ಬೇಕು ಅನ್ನೋದು ಆ ಡ್ರೈವರ್‌ಗಳಿಗೆ ಗೊತ್ತಿದೆ. ನೈರೋಬಿಯಲ್ಲಿ ಮಟಾಟು ಅಂತ ಖಾಸಗಿ ವ್ಯಾನ್‌ಗಳೇ ಊರನ್ನ ಸಾಗಿಸೋದು, ಅವುಗಳ ರೂಟ್ ಯಾವ ಕಾಗದದಲ್ಲೂ ಸರಿಯಾಗಿ ಇರ್ಲಿಲ್ಲ. ಅಲ್ಲಿನ ಯೂನಿವರ್ಸಿಟಿ ವಿದ್ಯಾರ್ಥಿಗಳು ಮೊಬೈಲ್ ಹಿಡ್ಕೊಂಡು ಅವುಗಳಲ್ಲೇ ಓಡಾಡಿ ಒಂದೊಂದೇ ಸ್ಟಾಪು ದಾಖಲು ಮಾಡಿ, 2014ರಲ್ಲಿ ಇಡೀ ಊರಿನ ಮ್ಯಾಪ್ ಬಂತು. ನಿಮ್ಮೂರಲ್ಲೂ ಮೊದ್ಲು ಅದನ್ನ ಮಾಡ್ಲಿ. ಮುಖ್ಯ ಮಾರ್ಗದಲ್ಲಿ ದೊಡ್ಡ ಬಸ್ ಬಂದ್ಮೇಲೆ ಈ ವ್ಯಾನ್‌ಗಳಿಗೆ ಬಡಾವಣೆಯಿಂದ ಸ್ಟೇಷನ್‌ವರೆಗಿನ ರೂಟ್ ಪರ್ಮಿಟ್ ಕೊಟ್ಟು, ಸ್ಟೇಷನ್ ಒಳಗೆ ನಿಲ್ಲೋಕೆ ಸರಿಯಾದ ಜಾಗ ಮಾಡಿ, ಅದೇ ಕಾರ್ಡಲ್ಲಿ ದುಡ್ಡು ಬರೋ ಹಾಗೆ ಮಾಡಿದ್ರೆ ಡ್ರೈವರ್ ಹೊಟ್ಟೆಪಾಡೂ ನಡೆಯತ್ತೆ. ಅವ್ರನ್ನ ಕೂರಿಸ್ಕೊಂಡು ಮಾತಾಡದೇ ಮಾಡಿದ ಪ್ಲಾನ್ ಮೊದಲ ಮುಷ್ಕರಕ್ಕೇ ನಿಂತುಹೋಗತ್ತೆ.

ಪ್ರಶ್ನೆ: ಸೈಕಲ್‌ನ ಎಲ್ಲಾ ಪ್ಲಾನ್‌ನಲ್ಲೂ ಹಾಕ್ತಾರೆ, ಯಾರೂ ತುಳಿಯಲ್ಲ. ದುಡ್ಡು ದಂಡ ಅಲ್ವಾ?

ಉತ್ತರ: ಬಣ್ಣ ಬಳಿದು, ಅದ್ರ ಮೇಲೆ ಕಾರು ನಿಲ್ಸೋಕೆ ಬಿಟ್ರೆ ದಂಡನೇ. ನೆದರ್‌ಲ್ಯಾಂಡ್ಸ್‌ನಲ್ಲಿ ರೈಲು ಹತ್ತೋರಲ್ಲಿ ಅರ್ಧದಷ್ಟು ಜನ ಮನೆಯಿಂದ ಸ್ಟೇಷನ್‌ಗೆ ಸೈಕಲ್‌ನಲ್ಲೇ ಬರ್ತಾರೆ, ಉಟ್ರೆಕ್ಟ್ ಸ್ಟೇಷನ್ ಕೆಳಗೆ 12,500 ಸೈಕಲ್ ನಿಲ್ಲಿಸೋ ಜಾಗ 2019ರಲ್ಲಿ ಪೂರ್ತಿ ಆಯ್ತು. ಬೆಳೀತಿರೋ ಊರಲ್ಲಿ ಎಲ್ಲಾ ಕಡೆ ಒಂದೇ ಸಲ ಮಾಡೋಕೆ ಹೋಗೋದು ಬೇಡ. ಸ್ಟೇಷನ್ ಸುತ್ತ ಮೂರು ಕಿಲೋಮೀಟರ್ ಒಳಗೆ ತಡೆ ಇರೋ ಲೇನ್, ಸ್ಟೇಷನ್‌ನಲ್ಲಿ ಕಳ್ಳತನ ಆಗ್ದಿರೋ ಸ್ಟ್ಯಾಂಡ್, ಇಷ್ಟು ಮಾಡಿದ್ರೆ ಬಸ್ಸಿಗೆ ನಡೆದು ಹೋಗಕ್ಕಾಗ್ದಿರೋ ದೂರದವ್ರೂ ರೈಲಿಗೆ ಸಿಗ್ತಾರೆ. ಫುಟ್‌ಪಾತ್ ಮಾತ್ರ ಎಲ್ಲಾ ಕಡೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೇಲಿ ಸಾಯ್ತಾರೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನಡೆಯೋರು, ಸೈಕಲ್‌ನವ್ರು, ಬೈಕ್‌ನವ್ರು. ಬಸ್ಸಲ್ಲಿ ಹೋಗೋ ಪ್ರತಿಯೊಬ್ರೂ ಎರಡೂ ಕಡೆ ನಡೀಲೇಬೇಕು, ಇದನ್ನ ಮರೆತು ಸಾರಿಗೆ ಪ್ಲಾನ್ ಮಾಡಕ್ಕಾಗಲ್ಲ.

ಪ್ರಶ್ನೆ: ಊರ ಮಧ್ಯಕ್ಕೆ ಬರೋ ಕಾರಿಗೆ ಚಾರ್ಜ್ ಹಾಕ್ತಾರಂತೆ, ರಸ್ತೆ ಬದಿ ಪಾರ್ಕಿಂಗ್‌ಗೂ ದುಡ್ಡಂತೆ. ಅಂಗಡಿ ಇಟ್ಟಿರೋ ನನ್ನಂಥವ್ರ ಗತಿ ಏನು?

ಉತ್ತರ: ನಿಮ್ಮ ಭಯ ಅರ್ಥ ಆಗತ್ತೆ, ವ್ಯಾಪಾರ ಒಂದು ತಿಂಗಳು ಬಿದ್ರೂ ಬಾಡಿಗೆ ನಿಲ್ಲಲ್ಲ. ಒಂದು ಕೆಲಸ ಮಾಡಿ, ನಿಮ್ಮ ಅಂಗಡಿ ಮುಂದೆ ಬೆಳಿಗ್ಗೆಯಿಂದ ನಿಂತಿರೋ ಗಾಡಿ ಗಿರಾಕಿದಾ, ಇಲ್ಲಾ ಅಕ್ಕಪಕ್ಕದ ಅಂಗಡಿ ಆಫೀಸಿನವ್ರದ್ದಾ ನೋಡಿ. ಇಡೀ ದಿನ ಒಂದೇ ಗಾಡಿ ನಿಂತ್ರೆ ಆ ಜಾಗದಿಂದ ಒಬ್ಬ ಗಿರಾಕೀನೂ ಬರಲ್ಲ. ಗಂಟೆಗಿಷ್ಟು ಅಂತ ಚಾರ್ಜ್ ಮಾಡಿದ್ರೆ ಗಾಡಿ ಬದಲಾಗ್ತಾ ಇರತ್ತೆ. ಸಾಮಾನು ಇಳಿಸೋ ಲಾರಿಗೆ ಬೆಳಿಗ್ಗೆ ಹೊತ್ತು, ಗುರುತು ಮಾಡಿರೋ ಜಾಗ ಬೇಕು ಅಂತ ನಿಮ್ಮ ಸಂಘದಿಂದ ಈಗ್ಲೇ ಬರೆದು ಕೊಡಿ, ಪ್ಲಾನ್‌ಗಳಲ್ಲಿ ಸರಕಿನ ಗಾಡೀನ ಎಲ್ಲರೂ ಮರೀತಾರೆ.

ಚಾರ್ಜ್ ವಿಷಯಕ್ಕೆ ಸ್ಟಾಕ್‌ಹೋಮ್ ಮಾಡಿದ ಕ್ರಮ ಸರಿ. 2005ರ ಆಗಸ್ಟ್‌ನಲ್ಲಿ ಸುಮಾರು 200 ಹೊಸ ಬಸ್ ಇಳಿಸಿದ್ರು, 2006ರ ಜನವರಿಯಿಂದ ಏಳು ತಿಂಗಳು ಪ್ರಯೋಗಕ್ಕೆ ಚಾರ್ಜ್ ಹಾಕಿದ್ರು, ಊರ ಮಧ್ಯದ ಗಡಿ ದಾಟೋ ಗಾಡಿ ಸುಮಾರು ಶೇಕಡಾ 20 ಕಡ್ಮೆ ಆಯ್ತು. ಪ್ರಯೋಗ ನಿಲ್ಸಿ ಸೆಪ್ಟೆಂಬರ್‌ನಲ್ಲಿ ಜನರ ಮತ ಕೇಳಿದ್ರು, ಮೊದ್ಲು ವಿರೋಧ ಮಾಡ್ತಿದ್ದ ಊರೇ ಬೇಕು ಅಂತು, 2007ರಲ್ಲಿ ಕಾಯಂ ಆಯ್ತು. ಬಸ್ ಮೊದ್ಲು, ಚಾರ್ಜ್ ಆಮೇಲೆ. ನಿಮ್ಮೂರಲ್ಲಿ ತಿರುಗಾಮುರುಗಾ ಮಾಡೋಕೆ ಹೊರಟ್ರೆ ನೀವು ಪ್ರತಿಭಟಿಸೋದು ನ್ಯಾಯ.

ಪ್ರಶ್ನೆ: ನಮ್ಮೂರಿನ ಸಾರಿಗೆ ಪ್ಲಾನ್ ಡ್ರಾಫ್ಟ್ ಬಂದಿದೆ, ನಾನೂರು ಪುಟ. ಆಕ್ಷೇಪಣೆಗೆ ಒಂದು ತಿಂಗಳು ಟೈಮ್. ರಿಟೈರ್ಡ್ ಮೇಷ್ಟ್ರು ನಾನು, ಓದಕ್ಕೆ ಪುರುಸೊತ್ತಿದೆ. ಏನೇನು ನೋಡ್ಬೇಕು ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮಂಥವ್ರು ಊರಿಗೆ ಹತ್ತು ಜನ ಇದ್ರೆ ಸಾಕು. ಚಿತ್ರಗಳಿರೋ ಪುಟಗಳನ್ನ ಬಿಟ್ಟು ಟೇಬಲ್‌ಗಳಿರೋ ಪುಟಕ್ಕೆ ಹೋಗಿ. ಪ್ರತಿ ರೂಟಿಗೂ ಎಷ್ಟು ನಿಮಿಷಕ್ಕೆ ಒಂದು ಬಸ್, ಭಾನುವಾರ ಎಷ್ಟು, ರಾತ್ರಿ ಎಷ್ಟು ಗಂಟೆವರೆಗೆ ಅಂತ ಇದೆಯಾ? ಬರೀ ಗೆರೆ ಎಳೆದು ಬಣ್ಣ ಹಚ್ಚಿದ್ರೆ ಅದು ಸರ್ವಿಸ್ ಅಲ್ಲ. ದೊಡ್ಡ ಜಂಕ್ಷನ್‌ಗಳಲ್ಲಿ ಒಂದು ಸ್ಟಾಪಿಂದ ಇನ್ನೊಂದಕ್ಕೆ ನಡೆಯೋ ದೂರ ಮೀಟರ್‌ನಲ್ಲಿ ಬರೆದಿದಾರಾ ನೋಡಿ.

ಆಮೇಲೆ ಯಾರು ಮಾಡ್ತಾರೆ ಅನ್ನೋದು. ಬಸ್ಸಿಗೆ ಒಂದು ಇಲಾಖೆ, ರೈಲಿಗೆ ಇನ್ನೊಂದು, ರಸ್ತೆಗೆ ಮತ್ತೊಂದು, ಸಿಗ್ನಲ್‌ಗೆ ಪೊಲೀಸರು, ಲೇಔಟಿಗೆ ಬೇರೆ ಪ್ರಾಧಿಕಾರ ಅಂದ್ರೆ ಸ್ಟೇಷನ್ ಎದುರಿನ ಬಸ್ ಸ್ಟಾಪು ಯಾವತ್ತೂ ಸರಿಯಾದ ಜಾಗಕ್ಕೆ ಬರಲ್ಲ, ಎಲ್ಲರೂ ಅದು ನಮ್ಮದಲ್ಲ ಅಂತಾರೆ. ಹ್ಯಾಂಬರ್ಗ್‌ನವ್ರು 1965ರಲ್ಲೇ ಬೇರೆ ಬೇರೆ ಸಾರಿಗೆ ಕಂಪನಿಗಳನ್ನ ಒಂದೇ ಟಿಕೆಟ್, ಒಂದೇ ಟೈಮ್ ಟೇಬಲ್‌ಗೆ ತಂದು ಒಂದು ಒಕ್ಕೂಟ ಕಟ್ಟಿದ್ರು, ಲಂಡನ್‌ನಲ್ಲಿ 2000ದಲ್ಲಿ ಬಸ್ಸು, ಮುಖ್ಯ ರಸ್ತೆ, ಸಿಗ್ನಲ್ ಎಲ್ಲಾ ಮೇಯರ್ ಕೆಳಗಿನ ಒಂದೇ ಸಂಸ್ಥೆಗೆ ಬಂತು, ಅಂಡರ್‌ಗ್ರೌಂಡ್ ಅನ್ನೋ ಅಲ್ಲಿನ ಮೆಟ್ರೋ 2003ರಲ್ಲಿ ಸೇರಿತು. ನಿಮ್ಮ ಡ್ರಾಫ್ಟ್‌ನಲ್ಲಿ ಸಮನ್ವಯ ಸಮಿತಿ ಅಂತ ಇರತ್ತೆ. ಆ ಸಮಿತಿಗೆ ಸ್ವಂತ ಬಜೆಟ್ ಇದೆಯಾ, ರೂಟ್ ಬದಲಾಯಿಸೋ ಅಧಿಕಾರ ಇದೆಯಾ, ಟಿಕೆಟ್ ದುಡ್ಡು ಹಂಚೋ ನಿಯಮ ಬರೆದಿದಾರಾ ಅಂತ ಹುಡುಕಿ.

ಕೊನೇದಾಗಿ ದುಡ್ಡಿನ ಪುಟ. ಕಟ್ಟೋ ಖರ್ಚು ದೊಡ್ಡ ಅಕ್ಷರದಲ್ಲಿ ಇರತ್ತೆ, ವರ್ಷಾವರ್ಷ ಓಡಿಸೋ ಖರ್ಚು, ಡ್ರೈವರ್ ಕಂಡಕ್ಟರ್ ಸಂಬಳ, ರಿಪೇರಿ, ಟಿಕೆಟ್ಟಿಂದ ಬರೋದು ಹೋಗಿ ಉಳಿದಿದ್ದನ್ನ ಯಾರು ತುಂಬ್ತಾರೆ ಅನ್ನೋದು ಎಷ್ಟೋ ಪ್ಲಾನ್‌ಗಳಲ್ಲಿ ಇರೋದೇ ಇಲ್ಲ. ಬಸ್ ಬೇಗ ಹೋದ್ರೆ ಆ ಖರ್ಚೂ ಕಡ್ಮೆ ಆಗತ್ತೆ ಅನ್ನೋದನ್ನೂ ಲೆಕ್ಕ ಹಾಕಿ ನೋಡಿ: ಹೋಗಿಬರಕ್ಕೆ 90 ನಿಮಿಷ ಆಗೋ ರೂಟಲ್ಲಿ 15 ನಿಮಿಷಕ್ಕೊಂದು ಬಸ್ ಬಿಡಕ್ಕೆ 6 ಬಸ್ ಬೇಕು, ಬಸ್ ಲೇನ್ ಮಾಡಿ ಅದೇ 60 ನಿಮಿಷಕ್ಕೆ ಬಂದ್ರೆ ಆ 6 ಬಸ್ಸಲ್ಲೇ 10 ನಿಮಿಷಕ್ಕೊಂದು ಬಿಡಬಹುದು. ಇಂಥಾ ಲೆಕ್ಕ ಡ್ರಾಫ್ಟಲ್ಲಿ ಇಲ್ದಿದ್ರೆ ಆಕ್ಷೇಪಣೆಯ ಮೊದಲನೇ ಅಂಶ ಅದೇ ಮಾಡಿ, ಪುಟ ಸಂಖ್ಯೆ ಸಮೇತ ಬರೀರಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ.